ಸುತ್ತುದಾರಿ

"ಇಲ್ಲಿ ಎರಡು ದಾರಿ ಇದೆ, ನೋಡ್ಕೊ," ಎಂದು ಮಾವ ಮಡಿಸಿದ ಛತ್ರಿಯ ತುದಿಯಿಂದ ತೋರಿಸಿದ. ಇಳಿಜಾರಿನ ಕೊನೆಯಲ್ಲಿ ಒಂದು ದಪ್ಪ ಮರದ ದಿಮ್ಮಿ, ಅದರಾಚೆ ಆಳವಾಗಿ ಅಗೆದ ಕಂದಕ, ಎದುರು ದಡದ ಮೇಲೆ ಇನ್ನೊಂದು ದಿಮ್ಮಿ. ಮೂರನ್ನೂ ಕುದುರೆಯ ಮೇಲೆ ತಡೆಯಿಲ್ಲದೆ ದಾಟಿದರೆ ನೇರದಾರಿ. ಧೈರ್ಯ ಸಾಲದವರು ಎಡಕ್ಕೆ ತಿರುಗಿ, ಪೊದೆಗಳನ್ನು ಬಳಸಿ, ಎರಡು ಗಿಡ್ಡ ಬೇಲಿಗಳನ್ನು ಹಾರಿಕೊಂಡು ಬರಬಹುದು. ಹಾಗೆ ಸುತ್ತಿ ಬಂದವರನ್ನು ಯಾರೂ ತಪ್ಪಿತಸ್ಥರೆನ್ನುವುದಿಲ್ಲ. ಹೊತ್ತು ಹೆಚ್ಚು ಹಿಡಿಯುತ್ತದೆ, ಅದಕ್ಕೆ ತಕ್ಕ ಹಾಗೆ ಅಂಕ ಹೋಗುತ್ತದೆ, ಅಷ್ಟೆ.

"ನೀನೇನಂತೀಯ?" ಎಂದು ಹುಡುಗಿ ಕೇಳಿದಳು.

"ನಾನೇನನ್ನಲಿ? ಕೂರೋಳು ನೀನು. ಇಬ್ಬರು ಸೇರಿ ಒಂದು ಲಗಾಮು ಹಿಡಿಯಕ್ಕಾಗುತ್ತಾ?"

ಮಾವ ಇಷ್ಟು ಬೇಗ ಬಾಯಿ ಮುಚ್ಚಿಕೊಳ್ಳುವ ಆಸಾಮಿಯಲ್ಲ. ಅವಳು ಬೂಟಿನ ದಾರ ಹೇಗೆ ಕಟ್ಟಬೇಕೆಂಬುದರ ಬಗ್ಗೆಯೂ ಅವನಿಗೊಂದು ಅಭಿಪ್ರಾಯವಿತ್ತು. ಸ್ಪರ್ಧೆಯ ಹಿಂದಿನ ದಿನ ಸವಾರರು ಓಟದ ದಾರಿಯನ್ನು ಕಾಲ್ನಡಿಗೆಯಲ್ಲಿ ನೋಡಿಕೊಂಡು ಬರುತ್ತಾರಲ್ಲ, ಆಗಂತೂ ಅವನನ್ನು ಹಿಡಿಯುವವರೇ ಇರುತ್ತಿರಲಿಲ್ಲ. ಇವತ್ತು ಮಾತ್ರ ಸುಮ್ಮನಿದ್ದ. ಯಾಕೆಂದು ಅವಳಿಗೆ ಗೊತ್ತಿತ್ತು. ಇದು ಈ ಋತುವಿನ ಕೊನೆಯ ಸ್ಪರ್ಧೆ, ಮತ್ತು ಅವಳ ಕುದುರೆಯನ್ನು ಕೊಳ್ಳಲು ಬಂದವನು ಎಲ್ಲೋ ಇದೇ ಮೈದಾನದಲ್ಲಿ ಓಡಾಡುತ್ತಿದ್ದ.

ಅವಳ ಕುದುರೆ ಅನ್ನುವುದು ಬಾಯಿಮಾತು. ಕುದುರೆ ಒಬ್ಬ ಹಲ್ಲಿನ ಡಾಕ್ಟರದ್ದು. ಆಕೆ ಅದನ್ನು ಕೊಂಡದ್ದು ತನ್ನ ಮಗಳಿಗೆಂದು. ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ. ಆ ಮಗಳಿಗೆ ಮಾತ್ರ ಹತ್ತಿದ ಮೇಲೆ ಕಾಲುನೋವು ಬಂತು, ಮೂರು ಸಲ ಬಿದ್ದ ಮೇಲೆ ಕುದುರೆಯೇ ಬೇಡವಾಯಿತು. ಹಾಗೆ ಅದು ಮಾವನ ಲಾಯಕ್ಕೆ ಬಂತು. ಕಾಗದದಲ್ಲಿ ಅದಕ್ಕೆ ರಾಜಮನೆತನದವರಿಗೆ ಇಡುವಂಥ ಉದ್ದನೆಯ ಹೆಸರು. ಬಂದ ವಾರದಲ್ಲೇ ಲಾಯದವರೆಲ್ಲ ಸೇರಿ ಅದನ್ನು 'ಮೊಂಡ' ಎಂದು ಮೊಟಕುಗೊಳಿಸಿದರು. ಗಾಳಿಗೆ ಹಾರುವ ಪ್ಲಾಸ್ಟಿಕ್ ಚೀಲ ಕಂಡರೆ ಮೊಂಡ ನಿಂತಲ್ಲೇ ಬೇರು ಬಿಡುತ್ತಿದ್ದ. ಹೊಡೆದರೆ ಇನ್ನೂ ಆಳಕ್ಕೆ ಬಿಡುತ್ತಿದ್ದ.

ಅವಳು ಹೊಡೆಯಲಿಲ್ಲ. ಬುದ್ಧಿವಂತಿಕೆಯಿಂದಲ್ಲ, ಆಗ ಅವಳಿಗೆ ಹದಿನೇಳು, ಕಾಲೇಜು ಮುಗಿಸಿ ಬಂದು ಲಾಯದಲ್ಲಿ ಕೂರಲು ಬೇಕಾದಷ್ಟು ಹೊತ್ತಿತ್ತು, ಬೇರೆ ಯಾರೂ ಅವನನ್ನು ಕೇಳುತ್ತಿರಲಿಲ್ಲ. ಎರಡು ವರ್ಷ ಹಾಗೇ ಹೋಯಿತು. ಈ ಋತುವಿನ ಮೊದಲ ಸ್ಪರ್ಧೆಯಲ್ಲಿ ಮೊಂಡ ಕೊಳದ ಅಂಚಿನಲ್ಲಿ ಗಕ್ಕನೆ ನಿಂತ, ಅವಳೊಬ್ಬಳೇ ಮುಂದುವರಿದಳು. "ಸವಾರರು ನೀರಿನಲ್ಲಿದ್ದಾರೆ, ಕುದುರೆ ದಡದಲ್ಲಿದೆ," ಎಂದು ಧ್ವನಿವರ್ಧಕದವನು ಊರಿಗೆಲ್ಲ ಸಾರಿದ. ಎರಡನೆಯದರಲ್ಲಿ ಕೊನೆಯಿಂದ ಎಣಿಸಿದರೆ ಮೊದಲನೆಯವರಾದರು. ಆಮೇಲೆ ಏನಾಯಿತೋ, ಅಭ್ಯಾಸ ಮಾಡುತ್ತಿದ್ದ ಒಂದು ಮಧ್ಯಾಹ್ನ ಮೊಂಡ ಒಂದು ಜಂಪು ಹಾರಿ ಕೆಳಗಿಳಿಯುವ ಮೊದಲೇ ಮುಂದಿನದನ್ನು ಕಿವಿಯಿಂದ ಹುಡುಕತೊಡಗಿದ. ಮೂರನೆಯ ಸ್ಪರ್ಧೆಯಲ್ಲಿ ನಾಲ್ಕನೆಯ ಸ್ಥಾನ. ಅದರ ಮುಂದಿನದರಲ್ಲಿ ಎರಡನೆಯದು. ಡಾಕ್ಟರ ಫೋನು ಆಗಿನಿಂದ ಬಡಿದುಕೊಳ್ಳಲು ಶುರುವಾಯಿತು.

ಈ ಕಸುಬಿನಲ್ಲಿ ಇದು ಹೊಸತಲ್ಲ. ತಿದ್ದಿದ ಕೈ ಒಂದು, ಏರುವ ಕಾಲು ಇನ್ನೊಂದು. ಮಾವನ ಆಫೀಸಿನ ಗೋಡೆಯ ತುಂಬ ಅವನು ತಿದ್ದಿದ ಕುದುರೆಗಳ ಫೋಟೋಗಳಿದ್ದವು, ಎಲ್ಲದರ ಬೆನ್ನ ಮೇಲೂ ಬೇರೆ ಯಾರೋ ಕೂತಿದ್ದರು. ಅವನು ದಿನಾ ಅವುಗಳ ಧೂಳು ಒರೆಸುತ್ತಿದ್ದ. ಹುಡುಗಿಗೆ ಅದನ್ನು ನೋಡಿದರೆ ಮೊದಲಿನಿಂದಲೂ ಸಿಟ್ಟು ಬರುತ್ತಿತ್ತು.

ಕಂದಕದ ಅಂಚಿನಲ್ಲಿ ನಿಂತಿದ್ದಾಗಲೇ ಅವಳ ಲೆಕ್ಕ ಮುಗಿದಿತ್ತು. ನೇರದಾರಿ ಹಿಡಿದರೆ ಮೊದಲ ಐದರೊಳಗೆ ಖಂಡಿತ, ಕುದುರೆ ಕೈಬಿಟ್ಟ ಹಾಗೆಯೇ. ಸುತ್ತುದಾರಿ ಹಿಡಿದರೆ ಹತ್ತರಾಚೆ ಜಾರುತ್ತಾರೆ, ಕೊಳ್ಳುವವನು ಮುಖ ತಿರುಗಿಸಿಕೊಂಡು ಹೋಗುತ್ತಾನೆ, ಮೊಂಡ ಇನ್ನೊಂದು ವರ್ಷ ತನ್ನ ಹತ್ತಿರ. ಹಾವೂ ಸಾಯುವುದಿಲ್ಲ, ಕೋಲೂ ಮುರಿಯುವುದಿಲ್ಲ.

ಮಾರನೆಯ ದಿನ ಬೆಳಿಗ್ಗೆ ಮೊದಲ ಸುತ್ತು, ಕುದುರೆಯ ನಡೆ ಪರೀಕ್ಷಿಸುವ ಡ್ರೆಸಾಜ್, ಮುಗಿದಾಗ ಅವರು ಮೂರನೆಯ ಸ್ಥಾನದಲ್ಲಿದ್ದರು. ಆಯತಾಕಾರದ ಅಂಗಳದಲ್ಲಿ ಮೊಂಡ ಮದುಮಗನ ಹಾಗೆ ಕತ್ತು ಬಗ್ಗಿಸಿಕೊಂಡು ನಡೆದಿದ್ದ. ಬೇಲಿಯ ಹೊರಗೆ ಉದ್ದ ಕೋಟು ಹಾಕಿಕೊಂಡ ಒಬ್ಬ ಗಂಡಸು ಕೈ ಕಟ್ಟಿ ನಿಂತಿದ್ದ. ಪಕ್ಕದಲ್ಲಿ ಹಲ್ಲಿನ ಡಾಕ್ಟರು ಇದ್ದುದರಿಂದ ಅವನು ಯಾರೆಂದು ಕೇಳಬೇಕಾಗಲಿಲ್ಲ.

ಅದರ ಮರುದಿನ ಕ್ರಾಸ್ ಕಂಟ್ರಿ, ಅವರು ನಡೆದು ನೋಡಿದ್ದ ದಾರಿಯ ಓಟ. ರಾತ್ರಿ ಬಿದ್ದ ತುಂತುರಿಗೆ ಹುಲ್ಲು ಮೆತ್ತಗಾಗಿತ್ತು. ಮೊದಲ ಜಂಪುಗಳನ್ನು ಮೊಂಡ ಹೊಸಲು ದಾಟಿದಷ್ಟು ಸಲೀಸಾಗಿ ದಾಟಿದ. ಮೊದಲ ಸ್ಪರ್ಧೆಯಲ್ಲಿ ಅವಳನ್ನು ಮುಳುಗಿಸಿದ್ದಂಥದೇ ಕೊಳಕ್ಕೆ ಈ ಸಲ ತಾನೇ ನುಗ್ಗಿ, ಕೆಸರು ಚೆಲ್ಲಾಡಿ, ಆಚೆ ದಡ ಏರಿದ. ಅವಳಿಗೆ ಜೋರಾಗಿ ನಗು ಬಂತು. ಕಾಡಿನ ಅಂಚಿನಲ್ಲಿ ಕಾವಲುಗಾರರ ಸೀಟಿ ಕೇಳಿಸಿತು. ತಿರುವು ಕಳೆದ ಮೇಲೆ ಇಳಿಜಾರು, ಅದರ ಕೆಳಗೆ ಕಂದಕ.

ಮೊಂಡನ ಎರಡು ಕಿವಿಯೂ ದಿಮ್ಮಿಯ ಕಡೆ ನೆಟ್ಟವು. ಅವನು ಆಗಲೇ ಆರಿಸಿಕೊಂಡಾಗಿತ್ತು. ಅವಳು ಎಡಗಡೆಯ ಲಗಾಮು ಎಳೆದಳು. ತಪ್ಪಾಗಿ ಅರ್ಥವಾಯಿತೇನೋ ಎಂಬಂತೆ ಅವನ ಒಂದು ಕಿವಿ ಅವಳ ಕಡೆ ತಿರುಗಿತು. ಅವಳು ಮತ್ತೆ ಎಳೆದಳು. ಮೊಂಡ ತಲೆ ಒದರಿ, ಹಲ್ಲಿನ ನಡುವಿನ ಕಬ್ಬಿಣ ಕಡಿದು, ತಿರುಗಿದ. ಪೊದೆ ಬಳಸಿ ಗಿಡ್ಡ ಬೇಲಿಗಳನ್ನು ಹಾರಿದರು. ಅಲ್ಲಿಗೆ ಎಲ್ಲ ಅವಳು ಅಂದುಕೊಂಡ ಹಾಗೆಯೇ ಆಯಿತು.

ಅವಳು ಲೆಕ್ಕಕ್ಕೆ ತೆಗೆದುಕೊಳ್ಳದೇ ಹೋದದ್ದು ಮೊಂಡನನ್ನು. ಎರಡು ವರ್ಷದಿಂದ ನೇರ ನೋಡು, ನೇರ ಹೋಗು ಎಂದು ಹೇಳಿಸಿಕೊಂಡವನಿಗೆ ಈಗ ಏನು ಮಾಡಬೇಕೆಂದು ತಿಳಿಯಲಿಲ್ಲ. ಹೆಜ್ಜೆಯ ಲಯ ತಪ್ಪಿತು. ಮುಂದಿನ ಜಂಪು ಹಲಗೆಯದು, ಊಟದ ಮೇಜಿನಷ್ಟು ಅಗಲ, ಎದೆಯೆತ್ತರ. ಅವನು ಅಪ್ಪಣೆಗಾಗಿ ಕಾದ. ಅವಳು ಇನ್ನೂ ಹಿಂದಿನ ತಿರುವಿನಲ್ಲೇ ಇದ್ದಳು. ತೀರಾ ಹತ್ತಿರಕ್ಕೆ ಹೋಗಿ ನೆಗೆದಾಗ ಅವನ ಮುಂಗಾಲುಗಳು ಹಲಗೆಗೆ ಬಡಿದವು. ಆಕಾಶ ಪಕ್ಕಕ್ಕೆ ವಾಲಿತು. ಅವಳು ಲಗಾಮು ಬಿಟ್ಟು ಜೂಲು ತಬ್ಬಿಕೊಂಡಳು. ಮೊಂಡ ಗಾಳಿಯಲ್ಲೇ ಹೇಗೋ ಸೊಂಟ ತಿರುಚಿ, ಮೊಣಕಾಲು ಮಡಿಚಿ ಬಿಡಿಸಿ, ಆಚೆ ನೆಲ ಹಿಡಿದ. ಒಂದು ಹೆಜ್ಜೆ ಮುಗ್ಗರಿಸಿ, ಅವಳು ಸರಿಯಾಗಿ ಕೂರುವ ತನಕ ನಿಧಾನ ಮಾಡಿ, ಮತ್ತೆ ಓಡಿದ.

ಅವಳಿಗೆ ನಾಚಿಕೆಯಾಯಿತು. ಭಯ ಆಮೇಲೆ ಬಂತು. ಉಳಿದ ದಾರಿಯಲ್ಲಿ ಅವಳು ಅವನನ್ನು ಎಲ್ಲೂ ಎಳೆಯಲಿಲ್ಲ.

ಗುರಿ ಮುಟ್ಟಿದಾಗ ಮಾವ ಜೀನಿನ ಪಟ್ಟಿ ಸಡಿಲಿಸುತ್ತ ಮುಂಗಾಲಿನ ತರಚು ಗಾಯ ನೋಡಿದ. "ಸುತ್ತಿ ಬಂದ್ಯಂತೆ," ಎಂದ.

"ಹೂಂ."

"ಸರಿ," ಎಂದು ನೀರಿನ ಬಕೆಟ್ ತರಲು ಹೋದ. ಅವನು ನಾಲ್ಕು ಬೈದಿದ್ದರೆ ವಾಸಿಯಿತ್ತು.

ಅಮ್ಮ ಫೋನು ಮಾಡಿದಳು. ಪ್ರತಿ ಸ್ಪರ್ಧೆ ಮುಗಿದ ಮೇಲೂ ಅವಳದು ಒಂದೇ ಪ್ರಶ್ನೆ. "ಬಿದ್ಯಾ?"

"ಇಲ್ಲಮ್ಮ."

"ಮತ್ತೆ ಯಾಕೆ ಅಳ್ತಿದೀಯ?"

ಅವಳು ಸಿಗ್ನಲ್ ಇಲ್ಲವೆಂದು ಹೇಳಿ ಫೋನಿಟ್ಟಳು.

ಮೊಂಡನ ಕಾಲಿಗೆ ತಣ್ಣೀರು ಬಿಡುತ್ತಿದ್ದಾಗ ಉದ್ದ ಕೋಟಿನವನು ಬಂದ. "ಕಂದಕದ ಹತ್ರ ನಾನು ನಿಂತಿದ್ದೆ," ಎಂದ. "ಅದು ನೇರ ನೋಡ್ತಿತ್ತು. ನೀವು ಎಡಕ್ಕೆ ಎಳೆದ್ರಿ."

"ಹೆದರಿಕೆ ಆಯ್ತು."

"ಹೆದರಿದೋರು ಕಂದಕ ನೋಡ್ತಾರೆ. ನೀವು ಅದರ ಕಡೆ ಕಣ್ಣೇ ಹಾಕಲಿಲ್ಲ." ಅವನ ದನಿಯಲ್ಲಿ ಕೊಂಕಿರಲಿಲ್ಲ. ಬಾಗಿ ಮೊಂಡನ ಮೊಣಕಾಲು ಸವರಿ ನೋಡಿದ. "ಎಷ್ಟನೇ ಜಾಗ ಅಂತ ಬೋರ್ಡ್ ಓದೋಕೆ ನಾನು ಇಷ್ಟು ದೂರ ಬರ್ಲಿಲ್ಲ ಕಣಮ್ಮ. ಆ ಮೇಜಿನ ಹತ್ರ ಅದು ಮಾಡಿದ್ದನ್ನ ನೋಡ್ದೆ. ಸವಾರ ಕೈಬಿಟ್ಟ ಮೇಲೂ ತನ್ನ ಕಾಲು ತಾನೇ ಹುಡುಕ್ಕೊಳ್ಳೋ ಕುದುರೆ ಎಲ್ಲಿ ಸಿಗುತ್ತೆ? ಬೆಳಿಗ್ಗೆ ತನಕ ತಗೊಳ್ಳೋದೋ ಬೇಡವೋ ಅಂತ ಯೋಚನೆ ಇತ್ತು. ಈಗಿಲ್ಲ."

ಅವಳು ಪೈಪು ಹಿಡಿದುಕೊಂಡೇ ನಿಂತಳು. ನೀರು ಅವಳ ಬೂಟಿನೊಳಗೆ ಹೋಗುತ್ತಿತ್ತು.

ಕೊನೆಯ ದಿನ ಬೆಳಿಗ್ಗೆ ಪಶುವೈದ್ಯರು ಮೊಂಡನನ್ನು ಓಡಿಸಿ ನೋಡಿ, ಕಾಲು ಸರಿಯಿದೆ ಎಂದರು. ಮಧ್ಯಾಹ್ನ ಮೈದಾನದ ಬಣ್ಣದ ಗಳುಗಳಲ್ಲಿ ಒಂದನ್ನೂ ಬೀಳಿಸದೆ ಅವನು ಹಾರಿದ. ಹನ್ನೊಂದನೆಯ ಸ್ಥಾನ. ಹಲ್ಲಿನ ಡಾಕ್ಟರು ಅವಳನ್ನು ಅಪ್ಪಿಕೊಂಡು, "ನಿಂಗೇನೂ ಬೇಜಾರಿಲ್ಲ ತಾನೇ, ಪುಟ್ಟಾ?" ಎಂದು ಕೇಳಿದರು. ನಿಜವಾಗಿಯೂ ಒಳ್ಳೆಯ ಹೆಂಗಸು. ಕಣ್ಣಲ್ಲಿ ನೀರೂ ಇತ್ತು. ಕೈಯಲ್ಲಿ ಆಗಲೇ ಕುದುರೆಯ ಕಾಗದಪತ್ರಗಳಿದ್ದವು.

ಸಂಜೆ ಉದ್ದ ಕೋಟಿನವನ ಲಾರಿ ಲಾಯಗಳ ಸಾಲಿನ ಪಕ್ಕಕ್ಕೆ ಬಂದು ನಿಂತು ಹಿಂಬಾಗಿಲ ಹಲಗೆಯನ್ನು ಕೆಳಗಿಳಿಸಿತು. ಮೊಂಡ ಹಲಗೆಯ ತನಕ ಜಂಟಲ್‌ಮನ್ ಹಾಗೆ ಬಂದ. ಅಲ್ಲಿ ನಿಂತ. ಡ್ರೈವರು ಓಟ್ಸ್ ಬಕೆಟ್ ಒಡ್ಡಿದ; ಮೊಂಡ ಕಾಲು ಕೀಳದೆ ಕತ್ತು ಮಾತ್ರ ಉದ್ದ ಮಾಡಿ ಅಷ್ಟನ್ನೂ ತಿಂದು ಮುಗಿಸಿದ. ಸುತ್ತ ನಿಂತವರು ನಕ್ಕರು. ಹಗ್ಗ ಎಳೆದರು, ಪುಸಲಾಯಿಸಿದರು, ಬೈದರು. ಡಾಕ್ಟರು, "ಇವತ್ತು ಬೇಡ, ಇನ್ನೊಂದಿನ ನೋಡೋಣವಾ?" ಎಂದರು.

"ಪ್ರತಿ ವಾರ ಇದೇ ಪಾಡಾದ್ರೆ ಕಷ್ಟ ಸಾರ್," ಎಂದ ಡ್ರೈವರು. "ಲಾರಿ ಹತ್ತದ ಕುದುರೆ ಕಟ್ಕೊಂಡು ಏನ್ಮಾಡ್ತೀರಾ?"

ಮೊದಲ ಸಲ ಉದ್ದ ಕೋಟಿನವನ ಮುಖದಲ್ಲಿ ಅನುಮಾನ ಕಂಡಿತು.

ಹುಡುಗಿ ನಲ್ಲಿಯ ಪಕ್ಕ ನಿಂತಿದ್ದಳು. ಅವಳನ್ನು ಯಾರೂ ಕರೆದಿರಲಿಲ್ಲ. ಮಾವ ಅವಳ ಕಡೆ ನೋಡದಿರಲು ಪಾಡು ಪಡುತ್ತಿದ್ದ. ಅವಳಿಗೆ ಸಂತೋಷವಾಗುತ್ತಿತ್ತು, ಕದ್ದು ತಿಂದಂಥ ಸಂತೋಷ. ಹತ್ತಬೇಡ ಕಣೋ, ಹತ್ತಲೇಬೇಡ, ಎಂದು ಒಳಗೊಳಗೇ ಹೇಳುತ್ತಿದ್ದಳು.

ಡ್ರೈವರು ಉದ್ದ ಹಿಡಿಯ ಒರಟು ಪೊರಕೆ ತಂದು ಮೊಂಡನ ಹಿಂದೊಡೆಗೆ ಚುಚ್ಚಿದ. ಮೊಂಡ ಬೆಚ್ಚಿ ಹಿಂದೆ ಸರಿದ. ಹಲಗೆಯ ಅಂಚಿನ ಮೇಲಿದ್ದ ಅವನ ಮುಂಗಾಲು ಜಾರಿತು, ಗೊರಸು ಕಬ್ಬಿಣಕ್ಕೆ ಉಜ್ಜಿ ಕಿರ್ರೆಂದಿತು.

"ಪೊರಕೆ ತೆಗೀರಿ," ಎಂದಳು ಅವಳು.

ಅವಳು ಹೋಗಿ ಡ್ರೈವರನ ಕೈಯಿಂದ ಹಗ್ಗ ತೆಗೆದುಕೊಂಡಳು. ಮೊಂಡನನ್ನು ಒಂದು ಸುತ್ತು ನಡೆಸಿ ಕರೆತಂದಳು. ಎಳೆಯಲಿಲ್ಲ, ಅವನ ಮುಖ ನೋಡಲಿಲ್ಲ. ಎದುರು ನಿಂತು ಕಣ್ಣಲ್ಲಿ ಕಣ್ಣಿಟ್ಟರೆ ಕುದುರೆ ಮುಂದೆ ಬರುವುದಿಲ್ಲ. ಬೆನ್ನು ತಿರುಗಿಸಿ, ಹಗ್ಗ ಸಡಿಲ ಬಿಟ್ಟು, ತನ್ನ ಮನೆಯೊಳಗೆ ಹೋಗುವವಳ ಹಾಗೆ ಹಲಗೆ ಹತ್ತಿದಳು. ಕ್ಷಣ ಹೊತ್ತು ಹಿಂದೆ ಏನೂ ಕೇಳಿಸಲಿಲ್ಲ. ಆಮೇಲೆ ಹಲಗೆಯ ಮೇಲೆ ಅವನ ಗೊರಸು ಬಿದ್ದಿತು, ಇನ್ನೊಂದು, ಮತ್ತೆ ಎರಡು.

ಒಳಗೆ ಹೊಸ ಹುಲ್ಲಿನ ವಾಸನೆಯಿತ್ತು. ಅವಳು ಹಗ್ಗ ಬಿಗಿದು, ಅಡ್ಡಗೋಡೆ ಎಳೆದು ಚಿಲಕ ಹಾಕಿದಳು. ಮೊಂಡ ಆಗಲೇ ಬಲೆಯಿಂದ ಹುಲ್ಲು ಕಿತ್ತು ಮೆಲ್ಲುತ್ತಿದ್ದ. ಹಿಂದೆ ಹಲಗೆ ಮೇಲೇರಿ ಮುಚ್ಚಿಕೊಂಡಿತು. ಅವಳು ಮುಂಭಾಗದ ಸಣ್ಣ ಬಾಗಿಲಿನಿಂದ ಲಾರಿಯ ಆಚೆ ಬದಿಗೆ ಇಳಿದಳು. ಅಲ್ಲಿ ಯಾರೂ ಇರಲಿಲ್ಲ, ಬೇಲಿ ಮತ್ತು ಲಾರಿಯ ಗೋಡೆ ಅಷ್ಟೆ.

ಆಚೆ ಕಡೆಯಿಂದ ಡಾಕ್ಟರು ಏನೋ ಹೇಳುವುದು, ಉದ್ದ ಕೋಟಿನವನು ಮಾವನಿಗೆ ಥ್ಯಾಂಕ್ಸ್ ಹೇಳುವುದು ಕೇಳಿಸಿತು. ಇಂಜಿನ್ ಶುರುವಾಯಿತು. ಲಾರಿ ಮೆಲ್ಲಗೆ ಸರಿದು ಮುಂದೆ ಹೋದ ಮೇಲೆ, ಈಚೆ ನಿಂತಿದ್ದವರಿಗೆಲ್ಲ ಅವಳು ಕಾಣಿಸಿದಳು.