ಬ್ಯಾಕ್ಸ್‌ಟರ್ ಮೇಡಂ ಮತ್ತು ಬನ್ಸ್ ಆಂಟಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮುಂಬೈ ಬೈಕುಲ್ಲಾದ ನಮ್ಮ ಹೋಟೆಲಿನಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಕಾದ ಎಣ್ಣೆಯ ಮುಂದೆ ನಿಂತು ಬನ್ಸ್ ಕರಿದು ನೋಡಿ, ಆಮೇಲೆ ಮಾತಾಡಿ. ಗಂಡ ತೀರಿಕೊಂಡ ಮೇಲೆ ಉಡುಪಿಗೆ ವಾಪಸ್ ಹೋಗದೆ ಇಲ್ಲೇ ಉಳಿದವಳು ನಾನು. ಹೋಟೆಲು ಮೈದುನ ಶೇಖರನದು, ಬನ್ಸ್ ನನ್ನದು. ಬಾಳೆಹಣ್ಣು ಎಷ್ಟು ಕಪ್ಪಾಗಬೇಕು, ಕಲಸಿದ ಹಿಟ್ಟು ಎಷ್ಟು ಹೊತ್ತು ಇರಬೇಕು ಎಂಬ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ.

ಕಳೆದ ತಿಂಗಳು ಪಕ್ಕದ ಅಂಗಡಿ ಖಾಲಿಯಾಯಿತು. ಅಲ್ಲಿ ಬನ್ಸಿಗೆಂದೇ ಬೇರೆ ಕೌಂಟರ್ ಮಾಡೋಣ ಎಂದ ಶೇಖರ. ಅವನ ಮಗ ಅಕ್ಷಯ ಮೊಬೈಲಿನಲ್ಲಿ ಹೊಸ ಬೋರ್ಡಿನ ಚಿತ್ರ ತೋರಿಸಿದ. ದೊಡ್ಡ ಕೆಂಪು ಅಕ್ಷರದಲ್ಲಿ ‘ಬನ್ಸ್ ಆಂಟಿ’ ಎಂದಿತ್ತು.

“ದೊಡ್ಡಮ್ಮ, ಮಸ್ತ್ ಉಂಟು ನಾ? ಪೂರಾ ಏರಿಯಾ ನಿಮ್ಗೆ ಹಾಗೇ ಕರೀತದೆ.”

“ಶುಕ್ರವಾರ ಪೇಂಟರ್ ಬರ್ತಾನೆ ಅತ್ತಿಗೆ. ಅಡ್ಡಿ ಇಲ್ಲ ಅಲ್ವಾ?” ಎಂದ ಶೇಖರ.

“ಅಡ್ಡಿ ಎಂತದ್ದು?” ಎಂದೆ. ಬಾಯಿ ಹಾಗೆ ಹೇಳಿತು, ಆದರೆ ಒಳಗೆ ಏನೋ ಕುಟುಕಿತು. ನನ್ನದೇ ಕೌಂಟರು, ನನ್ನದೇ ಬೋರ್ಡು, ಖುಷಿಪಡುವುದು ಬಿಟ್ಟು ಇದೆಂಥ ದರಿದ್ರ ಬುದ್ಧಿ ಎಂದು ನನ್ನನ್ನು ನಾನೇ ಬೈದುಕೊಂಡೆ.

ಗುರುವಾರ ಬೆಳಿಗ್ಗೆ ಎಂದಿನಂತೆ ಬ್ಯಾಕ್ಸ್‌ಟರ್ ಮೇಡಂ ಬಂದರು. ಹಿಂದಿನ ಗಲ್ಲಿಯ ಹಳೆ ಬಿಲ್ಡಿಂಗಿನಲ್ಲಿ ಒಬ್ಬರೇ ಇರುವ ಆಂಗ್ಲೋ ಇಂಡಿಯನ್ ಹೆಂಗಸು, ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವರು. ಶುರುವಿನಿಂದಲೂ ನನ್ನ ಗಿರಾಕಿ. ಎರಡು ಬನ್ಸ್, ಒಂದು ಚಹಾ, ಚಟ್ನಿ ಬೇಡ. ನಮ್ಮಿಬ್ಬರ ಮಾತುಕತೆಯೆಲ್ಲ ಹರಕುಮುರುಕು ಹಿಂದಿಯಲ್ಲಿ.

ಅಕ್ಷಯ ಅವರಿಗೂ ಬೋರ್ಡಿನ ಚಿತ್ರ ತೋರಿಸಿದ. ಮೇಡಂ ಕನ್ನಡಕ ಏರಿಸಿ ನೋಡಿ ಗಟ್ಟಿಯಾಗಿ ನಕ್ಕರು.

“ಅರೇ, ಇದು ನನ್ನ ಸರ್‌ನೇಮ್ ಇದ್ದ ಹಾಗೇ ಇದೆ!”

ನನಗೆ ತಲೆಬುಡ ತಿಳಿಯಲಿಲ್ಲ. ಟೀಚರಲ್ಲವೇ, ಚಹಾ ಪಕ್ಕಕ್ಕಿಟ್ಟು ಪಾಠ ಶುರುಮಾಡಿಯೇಬಿಟ್ಟರು. ಹಳೆಯ ಇಂಗ್ಲಿಷಿನಲ್ಲಿ ಬ್ರೆಡ್ ಮಾಡುವ ಗಂಡಸು ಬೇಕರ್, ಹೆಂಗಸು ಬ್ಯಾಕ್ಸ್‌ಟರ್ ಅಂತೆ. ಬಟ್ಟೆ ನೇಯುವವಳು ವೆಬ್‌ಸ್ಟರ್, ಬಿಯರ್ ಮಾಡುವವಳು ಬ್ರೂಸ್ಟರ್. ಬರಬರುತ್ತಾ ಆ ಕೆಲಸ ಮಾಡುವ ಗಂಡಸರನ್ನೂ ಹಾಗೆಯೇ ಕರೆದರಂತೆ. ಆರೇಳುನೂರು ವರ್ಷದ ಹಿಂದೆ ಕೆಲಸದ ಹೆಸರು ಮನೆತನಕ್ಕೆ ಅಂಟಿಕೊಂಡು, ಜನ್ಮದಲ್ಲಿ ಒಲೆ ಹಚ್ಚದ ಮೊಮ್ಮಕ್ಕಳೂ ಬ್ಯಾಕ್ಸ್‌ಟರ್ ಆದರಂತೆ.

“ನನ್ನ ಅಜ್ಜ ರೈಲ್ವೆ ಗಾರ್ಡ್. ನನಗೆ ಮೊಟ್ಟೆ ಬೇಯಿಸಲೂ ಬರುವುದಿಲ್ಲ. ಆದರೂ ನೋಡು, ಬ್ಯಾಕ್ಸ್‌ಟರ್!” ಎಂದು ಮತ್ತೆ ನಕ್ಕರು.

“ಆ ಮೊದಲನೇ ಹೆಂಗಸಿನ ಹೆಸರೇನು ಮೇಡಂ?” ಎಂದು ಕೇಳಿದೆ.

“ಯಾರಿಗೆ ಗೊತ್ತು? ಊರೆಲ್ಲ ಬ್ರೆಡ್ಡಿನವಳು ಅಂತಲೇ ಕರೆದಿರಬೇಕು. ಅವಳ ಹೆಸರನ್ನು ಯಾರೂ ಬರೆದಿಡಲಿಲ್ಲ.”

ಒಳಗೆ ಕುಟುಕಿದ್ದು ಏನೆಂದು ಆಗ ಗೊತ್ತಾಯಿತು. ಅಯ್ಯೋ ದೇವರೇ, ಅವಳೂ ನನ್ನ ಹಾಗೆಯೇ ಬೆಳಗಾಗೆದ್ದು ಹಿಟ್ಟು ನಾದಿದವಳಲ್ಲವೇ! ಗಂಡ ಹೋದ ಮೇಲೆ ನನ್ನನ್ನು ಹೆಸರು ಹಿಡಿದು ಕರೆದವರು ಒಬ್ಬರೂ ಇಲ್ಲ. ಅತ್ತಿಗೆ, ದೊಡ್ಡಮ್ಮ, ಆಂಟಿ. ಆಧಾರ್ ಕಾರ್ಡು ಬಿಟ್ಟರೆ ಪ್ರಫುಲ್ಲಾ ಎಂಬವಳು ಎಲ್ಲೂ ಇರಲಿಲ್ಲ. ಇನ್ನು ಆ ಬೋರ್ಡು ಮೇಲೇರಿದರೆ ಎಂದೆಂದಿಗೂ ಇರುವುದಿಲ್ಲ.

ಶುಕ್ರವಾರ ಪೇಂಟರ್ ಮರೆಪ್ಪ ಏಣಿ ಹತ್ತಿ ಸೀಮೆಸುಣ್ಣದಲ್ಲಿ ಮೊದಲ ಅಕ್ಷರದ ಗೆರೆ ಎಳೆಯತೊಡಗಿದ. ಒಲೆ ಆರಿಸಿ, ಸೌಟು ಹಿಡಿದುಕೊಂಡೇ ಹೊರಗೆ ಬಂದೆ.

“ನಿಲ್ಸು ಮಾರಾಯ!” ಎಂದು ಕೂಗಿದೆ. ರಸ್ತೆಯಲ್ಲಿದ್ದವರೆಲ್ಲ ತಿರುಗಿ ನೋಡಿದರು. “ಶೇಖರ, ನನಗೆ ಈ ಬನ್ಸ್ ಆಂಟಿ ಬೇಡ. ನನಗೂ ಒಂದು ಹೆಸರುಂಟು, ಪ್ರಫುಲ್ಲಾ ಅಂತ. ಅದು ಹಾಕುದಾದ್ರೆ ಹಾಕು. ಇಲ್ಲದಿದ್ರೆ ನಾಳೆಯಿಂದ ಬನ್ಸ್ ನೀನೇ ಕರಿ!”

ಹೇಳಿದ ಮೇಲೆ ಹೆದರಿಕೆಯಾಯಿತು. ಮನೆಯ ಹೆಂಗಸಿನ ಹೆಸರು, ಅದೂ ಗಂಡನಿಲ್ಲದವಳದು, ಬೀದಿಯ ಬೋರ್ಡಿನ ಮೇಲೆ? ನಮ್ಮವರ ಹೋಟೆಲುಗಳಿಗೆ ದೇವರ ಹೆಸರಿಡುತ್ತಾರೆ, ಹೆಚ್ಚೆಂದರೆ ಅಪ್ಪನ ಹೆಸರು. ಶೇಖರ ಏಣಿಯತ್ತ ಒಮ್ಮೆ, ನನ್ನತ್ತ ಒಮ್ಮೆ ನೋಡಿದ. ಮುಗಿಯಿತು ನನ್ನ ಕಥೆ ಎಂದುಕೊಂಡೆ.

ಅವನು ಮೆಟ್ಟಿಲ ಮೇಲೆ ದೊಪ್ಪನೆ ಕೂತು ಉಸಿರು ಬಿಟ್ಟ.

“ಅಬ್ಬ! ಮೊದಲು ನಿಮ್ಮ ಹೆಸರೇ ಹಾಕಿಸಿದ್ದು ಅತ್ತಿಗೆ. ಹೆಸರು ಬೀದಿಗೆ ತಂದೆ ಅಂತ ನೀವು ಬೈತೀರಿ ಅಂತ ಹೆದರಿ ತೆಗೀಲಿಕ್ಕೆ ಹೇಳಿದ್ದು. ನಿಮ್ಮ ಬಾಯಿಗೆ ಯಾರು ಬೀಳುದು ಮಾರಾಯ್ರೆ!”

ಅಕ್ಷಯ ಮೊಬೈಲಿನಲ್ಲಿ ಹಳೆಯ ಚಿತ್ರ ಹುಡುಕಿ ನನ್ನ ಮುಖಕ್ಕೇ ಹಿಡಿದ. ‘ಪ್ರಫುಲ್ಲಾ ಬನ್ಸ್’. ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. ನಾನು ಅವನಿಗೆ ಹೆದರಿದ್ದು, ಅವನು ನನಗೆ ಹೆದರಿದ್ದು! ಜೀವ ಎಷ್ಟು ಹಗುರವಾಯಿತೆಂದರೆ, ಸೌಟು ಕೈಯಲ್ಲಿರುವುದೇ ಮರೆತು ಅದರಲ್ಲೇ ಕಣ್ಣೊರೆಸಲು ಹೋದೆ.

“ಯಾವುದರೆ ಒಂದ್ ಹೆಸರ ಹೇಳ್ರೀ, ಕೈ ನೋಯಾಕತ್ತೇತಿ,” ಎಂದ ಮರೆಪ್ಪ ಏಣಿಯ ಮೇಲಿಂದ.

ಶನಿವಾರ ಮೇಡಂ ಬಂದು ಬೋರ್ಡಿನ ಕೆಳಗೆ ನಿಂತು ನಿಧಾನವಾಗಿ ಓದಿದರು. ಆಮೇಲೆ ಒಳಗೆ ಬಂದು, “ಗುಡ್ ಮಾರ್ನಿಂಗ್, ಪ್ರಫುಲ್ಲಾ” ಎಂದರು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಕಿವಿ ತಂಪಾಯಿತು.

“ಗುಡ್ ಮಾರ್ನಿಂಗ್, ಬ್ಯಾಕ್ಸ್...” ಎಂದವಳು ಅಲ್ಲಿಗೇ ನಿಂತೆ. ಇಷ್ಟು ವರ್ಷ ನಾನೂ ಇವರನ್ನು ಬ್ರೆಡ್ಡಿನವಳು ಎಂದೇ ಕರೆಯುತ್ತಿದ್ದೆನಲ್ಲ! ನಾಚಿಕೆಯಾಯಿತು.

“ಮೇಡಂ, ನಿಮ್ಮ ಹೆಸರೇನು?”

ಅವರು ಎಳೆಯುತ್ತಿದ್ದ ಕುರ್ಚಿ ಬಿಟ್ಟು ನನ್ನ ಕಡೆ ತಿರುಗಿದರು. ಈ ಗಲ್ಲಿಯಲ್ಲಿ ಅವರ ಹೆಸರನ್ನು ಯಾರೂ ಕೇಳದೆ ಎಷ್ಟು ವರ್ಷವಾಗಿತ್ತೋ.

“ಮ್ಯೂರಿಯಲ್,” ಎಂದರು, ಹುಡುಗಿಯ ಹಾಗೆ ನಾಚಿಕೊಂಡು.

“ಕೂತ್ಕೊಳ್ಳಿ, ಮ್ಯೂರಿಯಲ್,” ಎಂದು ಅವರ ತಟ್ಟೆಗೆ ಮೂರನೆಯ ಬನ್ಸ್ ಹಾಕಿದೆ.