ಮೂರಕ್ಷರ, ಒಂದು ಚುಕ್ಕೆ

ಬಾಗಿಲನ್ನು ಯಾರೋ ಮೂರು ಸಲ ತಟ್ಟಿದರು.

ರಾತ್ರಿ ಹನ್ನೊಂದೂವರೆಯಾಗಿತ್ತು. ಪ್ರೂಫ್ ರೀಡರ್ ಕತ್ತಲಲ್ಲೇ ಕನ್ನಡಕಕ್ಕಾಗಿ ತಡಕಾಡಿದ. "ಯಾರು ಅಂತ ಕೇಳಿ ತೆಗೀರಿ" ಎಂದು ಹೆಂಡತಿ ಪಿಸುಗುಟ್ಟಿದಳು. ಅವನು ಕೇಳುವ ಮೊದಲೇ ಹೊರಗಿನಿಂದ ಏದುಸಿರಿನ ದನಿಯೊಂದು ಬಂತು.

"ಮಾಮಾ, ಚೀಟಿಗಳು ಸಿಕ್ಕಿವೆ. ಬೆಳಿಗ್ಗೆ ಹತ್ತಕ್ಕೆ ರದ್ದಿ ಲಾರಿ ಬರುತ್ತೆ."

ಚಿಲಕ ತೆಗೆಯುವಷ್ಟರಲ್ಲಿ ಮೆಟ್ಟಿಲು ಖಾಲಿಯಾಗಿತ್ತು. ಕೆಳಗೆ ಸೈಕಲ್ಲೊಂದು ತಿರುವಿನಲ್ಲಿ ಮರೆಯಾಯಿತು. ಬಂದವನು ದಾಖಲೆ ಕಚೇರಿಯ ಜವಾನ. ಒಳಗಿನ ಸುದ್ದಿ ಹೊರಗೆ ಹೇಳಿದ್ದು ತಿಳಿದರೆ ಅವನ ಕೆಲಸಕ್ಕೆ ಕುತ್ತು.

ಯಾವ ಚೀಟಿ ಎಂದು ಹೆಂಡತಿ ಕೇಳಲಿಲ್ಲ. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಮನೆಯಲ್ಲಿ ಚೀಟಿ ಎಂದರೆ ಒಂದೇ ಅರ್ಥ.

"ಹೋಗಿ, ನೋಡಿಕೊಂಡು ಬನ್ನಿ" ಎಂದಳು. "ನಾಳೆಯೂ ಸಿಗದೇ ಇದ್ದರೆ ಅಲ್ಲಿಗೆ ಮುಗಿಸಿಬಿಡಿ. ನನಗೂ ಸಾಕಾಗಿದೆ. ನಾನು ನೋಡೇ ಇಲ್ಲದ ನಾದಿನಿಯ ಜೊತೆ ಇಷ್ಟು ವರ್ಷ ಸಂಸಾರ ಮಾಡಿದ್ದೀನಿ."

ಅವನು ಬೆಳಗಾಗುವವರೆಗೂ ಕುರ್ಚಿಯಲ್ಲಿ ಕುಳಿತೇ ಇದ್ದ.

ಐವತ್ತಮೂರು ವರ್ಷಗಳ ಹಿಂದೆ ನದಿ ಊರಿನೊಳಗೆ ನುಗ್ಗಿದಾಗ ಅವನಿಗೆ ಹನ್ನೊಂದು, ತಂಗಿಗೆ ನಾಲ್ಕು. ಅಪ್ಪ ಅಮ್ಮ ಮತ್ತೆ ಕಾಣಲಿಲ್ಲ. ದೋಣಿಯಲ್ಲಿ ತಂಗಿಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತದ್ದು ಅವನಿಗೆ ನೆನಪಿದೆ. ಅವಳ ನೀಲಿ ಫ್ರಾಕಿನ ಒಂದು ಗುಂಡಿ ಕಿತ್ತುಹೋಗಿದ್ದದ್ದು ನೆನಪಿದೆ. ಅವಳು ಮಾತು ನಿಲ್ಲಿಸಿದ್ದು ನೆನಪಿದೆ. ಅದರ ಮುಂದಿನದೆಲ್ಲ ಜ್ವರದ ಪಾಲಾಗಿತ್ತು. ಕಣ್ಣು ಬಿಟ್ಟಾಗ ಶಿಬಿರದ ಜ್ವರದ ಕೋಣೆಯಲ್ಲಿದ್ದ. ಒಂಬತ್ತು ದಿನ ಕಳೆದಿದ್ದವು.

"ತಂಗಿ ಎಲ್ಲಿ?" ಎಂದು ಕೇಳಿದ.

ಆ ಕೋಣೆಯ ನರ್ಸಮ್ಮ ಪಟ್ಟಿಯಲ್ಲಿ ಬೆರಳಾಡಿಸಿದಳು. ಹೊರನಾಡಿನಿಂದ ಬಂದ ವೈದ್ಯರಿಗಾಗಿ ಆ ಶಿಬಿರದಲ್ಲಿ ಎಲ್ಲವನ್ನೂ ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು. ಮಕ್ಕಳ ಹೆಸರುಗಳನ್ನು ಪೂರ್ತಿ ಬರೆದಿರಲಿಲ್ಲ; ಮೊದಲ ಮೂರಕ್ಷರ ಬರೆದು ಮುಂದೆ ಚುಕ್ಕೆಯಿಟ್ಟಿದ್ದರು. ತಂಗಿಯ ಮೂರಕ್ಷರದ ಎದುರು 'ತೀರಿಕೊಂಡಳು' ಎಂದಿತ್ತು.

"ಯಾವ ಬಣ್ಣದ ಫ್ರಾಕು?"

"ಹಳದಿ, ಮಗು."

"ನನ್ನ ತಂಗೀದು ನೀಲಿ!" ಎಂದು ಅವನು ಕಿರುಚಿದ. ಪಟ್ಟಿಯನ್ನು ಕಿತ್ತುಕೊಂಡು ನೋಡಿದ. ಅದೇ ಮೂರಕ್ಷರ, ಅದೇ ಚುಕ್ಕೆ, ಅದೇ ನಾಲ್ಕು ವರ್ಷ ಇನ್ನೊಂದು ಸಾಲಿನಲ್ಲೂ ಇತ್ತು. ಆ ಹುಡುಗಿಯನ್ನು ಮನೆಯವರು ಕರೆದುಕೊಂಡು ಹೋಗಿದ್ದರು. ಜ್ವರದ ಹುಡುಗನ ಮಾತಿಗೆ ಬೆಲೆ ಕೊಟ್ಟವರು ಯಾರೂ ಇಲ್ಲ. ಚಿಕ್ಕಮ್ಮ ಬಂದು ಅವನನ್ನು ತನ್ನ ಮನೆಗೆ ಕರೆದೊಯ್ದಳು.

ಅಂದಿನಿಂದ ಅವನಿಗೆ ಎರಡೇ ಹಟ. ತಂಗಿ ಯಾರ ಕೈ ಹಿಡಿದು ಹೋದಳೆಂದು ತಿಳಿಯಬೇಕು. ಆ ಮಕ್ಕಳ ಹೆಸರು ಕತ್ತರಿಸಿದ ಸೋಮಾರಿ ಗುಮಾಸ್ತನನ್ನು ಹುಡುಕಿ, ಬದುಕಿದ್ದರೆ ಮುಖಕ್ಕೆ ಉಗಿಯಬೇಕು. ಮಕ್ಕಳ ಎದೆಗೆ ಪಿನ್ನು ಹಾಕಿದ್ದ ಮೂಲ ಚೀಟಿಗಳನ್ನು ನೋಡಿಯೇ ಪಟ್ಟಿ ಮಾಡಿದ್ದು ಎಂದು ದಾಖಲೆ ಕಚೇರಿ ತಿಳಿಸಿತ್ತು. ಚೀಟಿಗಳು ಎಲ್ಲಿವೆ ಎಂದರೆ 'ಲಭ್ಯವಿಲ್ಲ' ಎಂಬ ಉತ್ತರ. ಅಂಥ ಇಪ್ಪತ್ತೊಂದು ಉತ್ತರಗಳು ಅವನ ಬೀರುವಿನಲ್ಲಿದ್ದವು.

ಪ್ರೆಸ್ಸಿನಲ್ಲಿ ಅವನಿಗೆ 'ಉದ್ದ ಮಾಮ' ಎಂದು ಅಡ್ಡಹೆಸರು. ಆಳು ಮೋಟು, ಉದ್ದವಾಗಿದ್ದದ್ದು ಅವನು ತಿದ್ದಿದ ಹೆಸರುಗಳು. ಇಂಗ್ಲಿಷ್ ಕೆಲಸವೆಂದರೆ ಅವನದೇ ಪಾಳಿ. ಯಾವ ಕರಡಿನಲ್ಲಿ ಮೊಟಕು ಹೆಸರು ಕಂಡರೂ ಅದರ ಕೆಳಗೆ ಓರೆಯಾದ ಎರಡು ಸಣ್ಣ ಗೀರು ಎಳೆದು, ಅಂಚಿನಲ್ಲಿ ಪೂರ್ತಿ ಹೆಸರು ಬರೆಯುವನು. ಬೇರೆ ಯಾರೂ ಹಾಕದ ಆ ಗೀರುಗಳಿಗೆ ಹುಡುಗರು ಇಟ್ಟ ಹೆಸರು ಮೊಲದ ಕಿವಿ.

"ಮಾಮಾ, ವಿಸಿಟಿಂಗ್ ಕಾರ್ಡು ಇದು, ಗೋಡೆ ಅಲ್ಲ. ಇಷ್ಟುದ್ದ ಹೆಸರು ಎಲ್ಲಿ ಕೂರಿಸಲಿ?" ಎಂದು ಕಂಪೋಸಿಟರ್ ಗೋಳಾಡುವನು.

"ಕಾರ್ಡು ದೊಡ್ಡದು ಮಾಡು. ಹೆತ್ತವರು ಇಟ್ಟ ಹೆಸರಿಗೆ ಕತ್ತರಿ ಹಾಕೋಕೆ ನೀನೇನು ದರ್ಜಿಯಾ?"

ಹಾಗೆ ನೋಡಿದರೆ ಮೊಟಕು ಮಾಡುವುದನ್ನು ಅವನು ಕಲಿತದ್ದೇ ಹೆತ್ತವರಿಂದ. ಅಪ್ಪ ಒಂದು ವ್ಯಾಪಾರಿ ಕಚೇರಿಯ ಇಂಗ್ಲಿಷ್ ಗುಮಾಸ್ತ. ರಜೆಯ ದಿನ ಮಗನನ್ನು ಮೇಜಿನ ಪಕ್ಕ ಕೂರಿಸಿಕೊಂಡು, ಸಾಹೇಬರುಗಳ ಹೆಸರನ್ನು ಕಾಗದದಲ್ಲಿ ಹೇಗೆ ಚುಟುಕಾಗಿ ಬರೆಯುತ್ತಾರೆಂದು ತೋರಿಸುವನು. "ನೋಡು ಮರಿ, ಸಣ್ಣವರ ಹೆಸರು ಪೂರ್ತಿ ಬರೀತಾರೆ. ದೊಡ್ಡವರದ್ದು ಮೂರೇ ಅಕ್ಷರ, ಒಂದು ಚುಕ್ಕೆ. ಅಷ್ಟಕ್ಕೇ ಎಲ್ಲರಿಗೂ ಗೊತ್ತಾಗಬೇಕು, ಅದು ಗತ್ತು." ಆ ಮಾತು ನೆನಪಾದಾಗಲೆಲ್ಲ ಪ್ರೂಫ್ ರೀಡರನ ಬಾಯಿ ಕಹಿಯಾಗುತ್ತಿತ್ತು. ಆ ಗತ್ತಿನ ರೋಗವೇ ಶಿಬಿರದ ಗುಮಾಸ್ತನಿಗೂ ತಗುಲಿರಬೇಕು ಎಂದುಕೊಳ್ಳುವನು.

ಬೆಳಿಗ್ಗೆ ಎಂಟಕ್ಕೇ ಅವನು ದಾಖಲೆ ಕಚೇರಿಯ ಬಾಗಿಲಲ್ಲಿದ್ದ. ಕಚೇರಿ ಹೊಸ ಕಟ್ಟಡಕ್ಕೆ ಹೋಗುತ್ತಿತ್ತು. ಕಪಾಟುಗಳನ್ನು ಸರಿಸಿದಾಗ ಗೋಡೆಗೆ ಒತ್ತಿಕೊಂಡಿದ್ದ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತ್ತು. ದಾಖಲೆ ಮೇಡಂ ಅವನನ್ನು ಕಂಡು ಹಣೆ ಚಚ್ಚಿಕೊಂಡರು.

"ನಿಮಗೆ ಯಾರ್ರೀ ಹೇಳಿದ್ದು?"

"ಕನಸು ಬಿತ್ತು, ಮೇಡಂ."

ಜವಾನ ಮೂಲೆಯಲ್ಲಿ ನಿಂತು ಒಂದೇ ಕಿಟಕಿಯನ್ನು ಮೂರನೆಯ ಸಲ ಒರೆಸುತ್ತಿದ್ದ. ಮೇಡಂ ಅವನತ್ತ ಒಮ್ಮೆ, ಗಡಿಯಾರದತ್ತ ಒಮ್ಮೆ ನೋಡಿ, ಪೆಟ್ಟಿಗೆಯನ್ನು ಮೇಜಿನ ಮೇಲಿಡಿಸಿದರು. "ಹತ್ತರವರೆಗೆ ಅಷ್ಟೇ. ಲಾರಿ ಬಂದಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ. ನಡೀರಿ, ನಾನೂ ಕೂರ್ತೀನಿ, ಬೇಗ ಆಗಲಿ."

ಚೀಟಿಗಳೆಂದರೆ ಔಷಧದ ಡಬ್ಬಗಳ ರಟ್ಟಿನ ತುಂಡುಗಳು. ಶಿಬಿರ ಮುಚ್ಚುವಾಗ ಕಟ್ಟಿಟ್ಟ ಕಂತೆಗಳು ಅಂಟಿಕೊಂಡು ಇಟ್ಟಿಗೆಯಂತಾಗಿದ್ದವು. ಮೇಲಿನವು ದೊಡ್ಡವರವು. ಅವನು ಅಡಿಪಟ್ಟಿಯ ಅಂಚಿನಿಂದ ಒಂದೊಂದನ್ನೇ ಬಿಡಿಸಿದ. ಶಾಯಿ ಹರಡಿ ಎಷ್ಟೋ ಹೆಸರು ಬರೀ ಕಲೆಯಾಗಿದ್ದವು. ಎಂಟೂಮುಕ್ಕಾಲು. ಒಂಬತ್ತೂಕಾಲು. ಪೆಟ್ಟಿಗೆಯ ತಳದ ನೋಟ್‌ಬುಕ್ಕೊಂದನ್ನು ಮೇಡಂ ತೆಗೆದು ಪಕ್ಕಕ್ಕಿಟ್ಟರು.

ಒಂಬತ್ತೂವರೆಗೆ ಮಕ್ಕಳ ಕಂತೆ ಸಿಕ್ಕಿತು. ಇವನ್ನು ಪೆನ್ಸಿಲಿನಲ್ಲಿ ಬರೆದಿದ್ದರಿಂದ ನೀರು ಅಳಿಸಿರಲಿಲ್ಲ. ಇಂಗ್ಲಿಷಿನ ಮೂರಕ್ಷರ, ಚುಕ್ಕೆ, ವಯಸ್ಸು. ಹದಿನೇಳನೆಯ ಚೀಟಿ ಬಿಡಿಸಿದಾಗ ಅವನ ಕೈ ನಿಂತಿತು. ಆ ಮೂರಕ್ಷರ.

ಹಿಂಬದಿ ತಿರುವಿದ. ನರ್ಸಿನ ಅಕ್ಷರದಲ್ಲಿ ಬರೆದಿತ್ತು: ಹಳದಿ ಫ್ರಾಕು. ಐದನೆಯ ದಿನ ತೀರಿಕೊಂಡಳು.

"ಇದಲ್ಲ" ಎಂದ.

ಹೊರಗೆ ಲಾರಿಯ ಹಾರ್ನು ಕೇಳಿತು. ಹತ್ತು ನಿಮಿಷ ಮುಂಚೆಯೇ ಬಂದಿತ್ತು. ಜವಾನ ಒರೆಸುವ ಬಟ್ಟೆ ಬಿಸಾಡಿ ಹೊರಗೋಡಿದ. "ಏನ್ ಅವಸರ ಅಣ್ಣಾ, ಟೀ ಕುಡಿದು ಬಾ, ನನ್ನ ಲೆಕ್ಕ" ಎಂದು ಅವನು ಡ್ರೈವರನನ್ನು ಸಾಗಹಾಕುತ್ತಿದ್ದದ್ದು ಕೇಳಿಸಿತು.

ಮೂವತ್ತೊಂದನೆಯ ಚೀಟಿ. ಅದೇ ಮೂರಕ್ಷರ, ಅದೇ ಚುಕ್ಕೆ. ಹಿಂಬದಿಯಲ್ಲಿ: ನೀಲಿ ಫ್ರಾಕು, ಒಂದು ಗುಂಡಿ ಇಲ್ಲ. ಮಾತಾಡುವುದಿಲ್ಲ. ಪಟ್ಟಿ ನೋಡಿ ಸೋದರಮಾವನ ವಶಕ್ಕೆ ಕೊಡಲಾಗಿದೆ. ಆತ ಮಗುವನ್ನು ಹಿಂದೆ ಕಂಡವನಲ್ಲ. ಕೆಳಗೆ ಒಂದು ಹೆಬ್ಬೆಟ್ಟಿನ ಗುರುತು. ಊರಿಲ್ಲ, ವಿಳಾಸವಿಲ್ಲ.

"ಸೋದರಮಾವ ಅಂತಿದೆಯಲ್ಲ!" ಮೇಡಂ ಮುಖ ಅರಳಿತು. "ನಿಮ್ಮ ತಾಯಿಯ ಕಡೆ ವಿಚಾರಿಸಿದರೆ..."

"ನಮ್ಮಮ್ಮನಿಗೆ ಅಣ್ಣತಮ್ಮಂದಿರೇ ಇರಲಿಲ್ಲ ಮೇಡಂ. ಅವನು ಆ ಹಳದಿ ಫ್ರಾಕಿನ ಮಗುವಿನ ಮಾವ. ಪೂರ್ತಿ ಹೆಸರು ಹೇಳಿಯೇ ಕೇಳಿರ್ತಾನೆ. ಇವರು ಮೂರಕ್ಷರ ನೋಡಿ ನನ್ನ ತಂಗೀನ ಎತ್ತಿ ಕೊಟ್ಟಿದ್ದಾರೆ. ಅವಳಿಗೆ ಅಲ್ಲ ಅನ್ನೋಕೆ ಬಾಯಿರಲಿಲ್ಲ." ಅವನು ಆ ಹೆಬ್ಬೆಟ್ಟಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟ. "ಪೂರ್ತಿ ಬರೆದಿದ್ದರೆ ಅವತ್ತೇ ಗೊತ್ತಾಗ್ತಿತ್ತು. ಇನ್ನು ನಾಲ್ಕಕ್ಷರ ಬರೆಯೋಕೆ ಅವನಿಗೇನು ಕೈ ಸೋತಿತ್ತಾ?"

ಬೈಯಲೆಂದೇ ಚೀಟಿಯನ್ನು ಮತ್ತೆ ತಿರುವಿದ. ಕಿಟಕಿಯ ಬೆಳಕಿಗೆ ಹಿಡಿದ. ವೃತ್ತಿಯ ಅಭ್ಯಾಸದಂತೆ ಅವನ ಕಣ್ಣು ಮೊದಲು ಅಕ್ಷರಗಳ ಮೇಲೆ, ಆಮೇಲೆ ಚುಕ್ಕೆಯ ಮೇಲೆ, ಆಮೇಲೆ ಅಕ್ಷರಗಳ ಕೆಳಗೆ ಹರಿಯಿತು. ಅಲ್ಲೇ ನಿಂತಿತು.

ಅಲ್ಲಿ ಓರೆಯಾದ ಎರಡು ಸಣ್ಣ ಗೀರುಗಳಿದ್ದವು.

ಹದಿನೇಳನೆಯದನ್ನು ಎಳೆದುಕೊಂಡ. ಅದರಲ್ಲೂ ಇದ್ದವು. ಒಂದನೆಯದರಲ್ಲಿ, ಎರಡನೆಯದರಲ್ಲಿ, ಇಡೀ ಕಂತೆಯಲ್ಲಿ. ಮಕ್ಕಳ ಹೆಸರುಗಳ ಕೆಳಗೆ ಸಾಲುಸಾಲಾಗಿ ಮೊಲದ ಕಿವಿಗಳು.

ಮೇಡಂ ಅವನನ್ನು ಗಮನಿಸಲಿಲ್ಲ. ಅವರು ಪಕ್ಕಕ್ಕಿಟ್ಟಿದ್ದ ನೋಟ್‌ಬುಕ್ಕು ಶಿಬಿರಕ್ಕೆ ಬಂದವರ ಹೆಸರು ಬರೆಸುತ್ತಿದ್ದ ಇನ್ನೊಬ್ಬ ನರ್ಸಿನ ದಿನಚರಿಯಾಗಿತ್ತು. ಅದರ ಮೊದಲ ಹಾಳೆಗಳನ್ನು ಬಿಡಿಸುತ್ತಿದ್ದರು. "ಇಲ್ಲಿದೆ ನೋಡಿ, ಸಿಕ್ಕಿಬಿಟ್ಟ ನಿಮ್ಮ ಗುಮಾಸ್ತ!" ಎಂದು ಬೆರಳಿಟ್ಟು ಓದತೊಡಗಿದರು. "'ಬರೆಯುವವರು ಸಾಲದು. ಇಂಗ್ಲಿಷ್ ಬಲ್ಲ ಒಬ್ಬ ಹುಡುಗನ ಕೈಗೆ ಪೆನ್ಸಿಲು ಕೊಟ್ಟು ಮಕ್ಕಳ ಚೀಟಿಗಳನ್ನೆಲ್ಲ ಬರೆಸಿದೆ. ದೊಡ್ಡವರಂತೆ ಗತ್ತಿನಿಂದ ಬರೆದ. ನೀಲಿ ಫ್ರಾಕಿನ ಪುಟ್ಟಿಯನ್ನು ತೊಡೆಯ ಮೇಲಿಂದ ಇಳಿಸಲೇ ಇಲ್ಲ. ಅವಳ ಚೀಟಿಯನ್ನು ತಾನೇ ಪಿನ್ನು ಹಾಕಿದ. ಸಂಜೆಗೆ ಮೈ ಸುಡುತ್ತಿತ್ತು, ಜ್ವರದ ಕೋಣೆಗೆ ಕಳಿಸಿದೆ.' ಅಯ್ಯೋ, ಮಗು ಕೈಯಲ್ಲಿ ಬರೆಸಿದ್ದಾರಲ್ರೀ!"

ಹೊರಗೆ ಲಾರಿ ಮತ್ತೆ ಹಾರ್ನು ಮಾಡಿತು. ಪ್ರೂಫ್ ರೀಡರ್ ಜೇಬಿನಿಂದ ಪೆನ್ಸಿಲು ತೆಗೆದು, ಮೂವತ್ತೊಂದನೆಯ ಚೀಟಿಯ ಅಂಚಿನಲ್ಲಿ ತಂಗಿಯ ಹೆಸರನ್ನು ಪೂರ್ತಿಯಾಗಿ ಬರೆಯಲು ಹೋದ. ಮೂರಕ್ಷರ ಬರೆದ; ನಾಲ್ಕನೆಯದು ಮೂಡಲಿಲ್ಲ.

"ಹೆಸರು ಮಾತ್ರ ಬರೆದಿಲ್ಲ ಇವರು" ಎಂದು ಮೇಡಂ ಹಾಳೆ ತಿರುವಿದರು. "ಯಾರಿರಬಹುದು ಆ ಹುಡುಗ?"

"ಅವಳ ಅಣ್ಣ."