ನಂಜಮ್ಮನೋ ವೀನಸ್ಸೋ

ಮೊಮ್ಮಗಳು ಹುಟ್ಟಿದರೆ ನಂಜಮ್ಮ ಎಂದು ಹೆಸರಿಡುವುದಾಗಿ ಮಂಗಳಮ್ಮ ನಂಜನಗೂಡಿನಲ್ಲಿ ಹರಕೆ ಹೊತ್ತಿದ್ದರು. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ಸೊಸೆ ನಂದಿತಾ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ನಂಜು ಎಂದರೆ ವಿಷ. ಹೆತ್ತ ಮಗಳನ್ನು ಯಾರಾದರೂ ಹಾಗೆ ಕೂಗುತ್ತಾರೆಯೇ? ಅವಳು ಆರಿಸಿಟ್ಟುಕೊಂಡಿದ್ದು ವೀನಸ್, ರೋಮನ್ನರ ಪ್ರೇಮದೇವತೆಯ ಹೆಸರು.

ನಾಮಕರಣದ ಹಿಂದಿನ ದಿನ ಸುಮ್ಮನೆ ನಿಘಂಟು ತೆರೆದಳು. ಹಾವಿನ ವಿಷಕ್ಕೆ ಇಂಗ್ಲಿಷಿನವರು ಹೇಳುವ ವೆನಮ್, ಲ್ಯಾಟಿನ್ನಿನ ವೆನೇನಮ್‌ನಿಂದ ಬಂದದ್ದು. ಅದು ಮೊದಲು ಒಲಿಸಿಕೊಳ್ಳಲು ಕುಡಿಸುವ ಮದ್ದಾಗಿತ್ತಂತೆ. ಆ ಪದ ಹುಟ್ಟಿದ್ದೂ ವೀನಸ್ ಹೆಸರಿನ ಬೇರಿನಿಂದಲೇ ಅಂತೆ.

ನಂದಿತಾ ಅಡುಗೆಮನೆಗೆ ಹೋದಳು. "ಅತ್ತೆ, ನಂಜಮ್ಮ ಅಂತಲೇ ಇಡಿ. ಲ್ಯಾಟಿನ್ನವರೂ ವಿಷಕ್ಕೆ ದೇವಿ ಹೆಸರೇ ಇಟ್ಟಿದ್ದಾರೆ."

ಮಂಗಳಮ್ಮ ಹೂರಣ ರುಬ್ಬುವುದನ್ನು ನಿಲ್ಲಿಸಲಿಲ್ಲ. "ಅವ್ರೂ ನಮ್ ನಂಜುಂಡಪ್ಪಂಗೇ ಅರಕೆ ಒತ್ತಿದ್ರೇನವ್ವ?"